ಅರ್ಧ ಏರಿನಲ್ಲಿ ನಿಲ್ಲುವ ಕಾರಿಗೆ ಒಂದು ಚಿಪ್

ಮೊದಲು ‘ಗುಡು ಗುಡು ಗುಡು’, ಆಮೇಲೆ ದೊಡ್ಡದೊಂದು ನಿಟ್ಟುಸಿರಿನಂಥ ‘ಫುಸ್’, ಕೊನೆಗೆ ತುಕ್ಕು ಹಿಡಿದ ಗೇಟಿನ ‘ಕಿಂಯ್ಯ್’. ನನ್ನ ಎಷ್ಟೋ ವರ್ಷಗಳ ಭಾನುವಾರಗಳು ಈ ಮೂರು ಶಬ್ದಗಳಲ್ಲಿ ಅಡಗಿ ಕುಳಿತಿವೆ. ಬೇರೆಯವರಿಗೆ ಭಾನುವಾರ ಎಂದರೆ ಕೋರಿರೊಟ್ಟಿಯ ಘಮವೋ ಮಧ್ಯಾಹ್ನದ ನಿದ್ದೆಯೋ ನೆನಪಾಗಬಹುದು. ನನಗೆ ನೆನಪಾಗುವುದು ಕಾರ್ಕಳದ ಒಂದು ಏರಿನ ಮಧ್ಯದಲ್ಲಿ ನನ್ನ ಸ್ಪೋರ್ಟ್ಸ್ ಕಾರು ಪ್ರಾಣ ಬಿಡುವ ಸದ್ದು. ಹೌದು, ಸರಿಯಾಗಿಯೇ ಓದಿದಿರಿ, ಸ್ಪೋರ್ಟ್ಸ್ ಕಾರು. ಕಾಪುವಿನ ಮನೆಯಲ್ಲಿ ಕುಳಿತು ಮಂಡಿಗೆ ಎಣ್ಣೆ ತಿಕ್ಕಿಕೊಳ್ಳಬೇಕಾದ ಪ್ರಾಯದಲ್ಲಿ ನಾನು ಎರಡೇ ಸೀಟಿನ, ಕೆಂಪು ಬಣ್ಣದ, ನೆಲಕ್ಕೆ ಮುತ್ತಿಡುವಷ್ಟು ತಗ್ಗಿನ ಕಾರು ಓಡಿಸುತ್ತೇನೆ. ಕಾನ್ವೆಂಟಿನಲ್ಲಿ ನಮ್ಮ ಸಿಸ್ಟರ್ ಹೇಳಿಕೊಟ್ಟಿದ್ದ ಪಾಠಗಳಲ್ಲಿ ಮುಖ್ಯವಾದದ್ದು, ‘ಗರ್ಲ್ಸ್, ಎ ಲೇಡಿ ಈಸ್ ನೆವರ್ ಇನ್ ಎ ಹರ್ರಿ.’ ನನ್ನ ಕಾರು ಆ ಪಾಠವನ್ನು ನನಗಿಂತ ಚೆನ್ನಾಗಿ ಕಲಿತಿತ್ತು.

ಈ ಕಾರು ನನ್ನ ಅಣ್ಣಯ್ಯನದು. ಅಣ್ಣಯ್ಯ ಮುಂಬಯಿಯಲ್ಲಿ ಹೋಟೆಲ್ ಇಟ್ಟಿದ್ದಾಗ ದಿನವೂ ಇಡ್ಲಿ ತಿನ್ನಲು ಬರುತ್ತಿದ್ದ ಗಿರಾಕಿಯೊಬ್ಬ ದೇಶ ಬಿಟ್ಟು ಹೋಗುವಾಗ ಇದನ್ನು ಅವನಿಗೆ ಮಾರಿ ಹೋದ. ಜಪಾನಿನ ಕಾರು. ಅಣ್ಣಯ್ಯ ಹೋಟೆಲನ್ನು ಬಿಟ್ಟರೂ ಕಾರನ್ನು ಬಿಡಲಿಲ್ಲ, ಕಾರ್ಕಳಕ್ಕೆ ತಂದ. ಕಣ್ಣು ಮಂಜಾದ ಮೇಲೆ, ‘ಸುಮಾ, ನೀನು ಓಡಿಸು, ಆದರೆ ಆರ್‌ಸಿ ನನ್ನ ಹೆಸರಲ್ಲೇ ಇರ್ಲಿ’ ಎಂದು ಕೀಲಿ ಕೊಟ್ಟ. ಅಲ್ಲಿಂದ ಪ್ರತಿ ಭಾನುವಾರ ನಾನು ಕಾಪುವಿನಿಂದ ಹೊರಟು, ಪಡುಬಿದ್ರಿಯಲ್ಲಿ ತಿರುಗಿ, ನಂದಿಕೂರು ದಾಟಿ, ಬೆಳ್ಮಣ್ಣಿನ ಮಾರ್ಗವಾಗಿ ಕಾರ್ಕಳಕ್ಕೆ ಅಣ್ಣಯ್ಯನ ಮನೆಗೆ ಊಟಕ್ಕೆ ಹೋಗುವುದು ನಮ್ಮ ಪದ್ಧತಿ. ಓಡಿಸುವುದು ಕಷ್ಟವಲ್ಲ. ಇಳಿಯುವುದು ಕಷ್ಟ. ಸೀರೆ ಉಟ್ಟು ಆ ಕಾರಿನಿಂದ ಹೊರಗೆ ಬರುವುದೆಂದರೆ ಬಾವಿಗೆ ಬಿದ್ದವರು ಮೇಲೆ ಬಂದ ಹಾಗೆ. ಮೊದಲು ಒಂದು ಕೈ ಕಾಣುತ್ತದೆ, ಆಮೇಲೆ ವ್ಯಾನಿಟಿ ಬ್ಯಾಗು, ತುಂಬ ಹೊತ್ತಿನ ಮೇಲೆ ನಾನು. ಉಚ್ಚಿಲದ ಪೆಟ್ರೋಲ್ ಬಂಕಿನಲ್ಲಿ ಒಮ್ಮೆ ಜನ ನಿಂತು ನೋಡಿದ್ದಾರೆ.

ಅಣ್ಣಯ್ಯನ ಮನೆ ಗುಡ್ಡದ ತುದಿಯಲ್ಲಿದೆ. ಅಲ್ಲಿಗೆ ಹೋಗುವ ಏರಿನ ನಡುವೆ, ಅಲ್ಲಿಯೇ ಮನೆಯಿದ್ದ ಕಾರ್ಮಿನ್ ಬಾಯಮ್ಮ ಎಂಬವರ ಗೇಟಿನೆದುರು ಸರಿಯಾಗಿ, ಕಾರು ನಿಲ್ಲುತ್ತಿತ್ತು. ಸ್ವಲ್ಪ ಮೇಲೂ ಅಲ್ಲ, ಸ್ವಲ್ಪ ಕೆಳಗೂ ಅಲ್ಲ. ನಮ್ಮ ಕಡೆಯ ಒಂದು ಕ್ರಮ ನಿಮಗೆ ಗೊತ್ತಿರಬಹುದು, ಬಾಗಿಲಿಗೆ ಬಂದವರು ಯಾರು, ಎಂತಕ್ಕೆ ಬಂದದ್ದು ಎಂದು ಕೇಳುವ ಮೊದಲು ಬೆಲ್ಲ, ನೀರು ಕೊಡಬೇಕು. ನಾನೇನು ಅವರ ಮನೆಗೆ ಬಂದವಳಲ್ಲ, ಗೇಟಿನೆದುರು ಕೆಟ್ಟು ನಿಂತವಳು. ಆದರೆ ಬಾಯಮ್ಮನ ಪ್ರಕಾರ ನಿಂತವರೂ ಬಂದವರೇ. ಮೊದಲ ಸಲವೇ ನೈಟಿಯ ಮೇಲೆ ಬೈರಾಸು, ಅಂದರೆ ತೆಳು ಟವೆಲು, ಹಾಕಿಕೊಂಡು, ಒಂದು ಕೈಯಲ್ಲಿ ಚೊಂಬು, ಇನ್ನೊಂದರಲ್ಲಿ ಬೆಲ್ಲದ ತಟ್ಟೆ ಹಿಡಿದು ಬಂದರು. ಎಂಜಿನ್ ತಣಿಯುವವರೆಗೆ ನಾವು ಮಾತಾಡಿದೆವು. ಎಂಜಿನ್ ತಣಿದ ಮೇಲೂ ಮಾತಾಡಿದೆವು. ಹೊರಡುವಾಗ ಅವರು ಎರಡೂ ಕೈಯನ್ನು ಡಿಕ್ಕಿಯ ಮೇಲಿಟ್ಟು ‘ಹೋಯ್ಯಾ’ ಎಂದು ಕೂಗಿ ತಳ್ಳಿದರು. ಆ ಕಡಿದಾದ ಚಡಾವಿನಲ್ಲಿ, ಅಂದರೆ ಏರಿನಲ್ಲಿ, ಕಾರನ್ನು ಎತ್ತುವುದು ಎಂಜಿನ್ನೇ ಹೊರತು ಬಾಯಮ್ಮ ಅಲ್ಲ ಎಂಬುದು ನನಗೂ ಗೊತ್ತು, ಎಂಜಿನ್ನಿಗೂ ಗೊತ್ತು. ಬಾಯಮ್ಮನಿಗೆ ಹೇಳುವ ಧೈರ್ಯ ನಮ್ಮಿಬ್ಬರಿಗೂ ಇರಲಿಲ್ಲ. ಹಾಗೆ ಶುರುವಾದದ್ದು ಪ್ರತಿ ಭಾನುವಾರದ ಸಂಪ್ರದಾಯವಾಯಿತು. ಜತೆಗೆ ಬಾಳೆಲೆಯಲ್ಲಿ ಕಟ್ಟಿದ ಸಾನ್ನದ ಪೊಟ್ಟಣವೂ ಬಂತು. ಸಾನ್ನ ಎಂದರೆ ಶೇಂದಿ ಹಾಕಿ ಹುಬ್ಬಿಸಿದ ಇಡ್ಲಿ, ನಮ್ಮ ಇಡ್ಲಿಯ ಸ್ವಲ್ಪ ಖುಷಿಯಲ್ಲಿರುವ ತಂಗಿ. ಅಷ್ಟು ಕಾಲ ಮುಂಬಯಿಗೆ ಇಡ್ಲಿ ತಿನ್ನಿಸಿದ ಅಣ್ಣಯ್ಯ ತಟ್ಟೆಯಲ್ಲಿ ಅದನ್ನು ಕಂಡರೆ ಮಾತು ನಿಲ್ಲಿಸುತ್ತಿದ್ದ.

ಆದರೆ ಕಾರು ನಿಲ್ಲುವುದು ಅಣ್ಣಯ್ಯನಿಗೆ ಮರ್ಯಾದೆಯ ಪ್ರಶ್ನೆ. ಅವನ ಕಣ್ಣು ಮಂಜಾಗಿದ್ದರೂ ಕಿವಿ ಗಟ್ಟಿ. ಚಾವಡಿಯಲ್ಲಿ ಕುಳಿತೇ ಆ ‘ಫುಸ್’ ಕೇಳುತ್ತಿದ್ದ. ಕಳೆದ ವರ್ಷ ಒಂದು ದಿನ ನಾನು ಮೆಟ್ಟಿಲು ಹತ್ತುವ ಮೊದಲೇ ಶುರುಮಾಡಿದ.

‘ಇವತ್ತೂ ಸತ್ತಿತಾ?’

‘ಸತ್ತದ್ದಲ್ಲ ಅಣ್ಣಯ್ಯ, ರೆಸ್ಟ್ ತಗೊಂಡದ್ದು.’

‘ಆಟೋರಿಕ್ಷಾ ಹತ್ತುತ್ತದೆ, ಮೀನಿನ ಟೆಂಪೋ ಹತ್ತುತ್ತದೆ, ನನ್ನ ಸ್ಪೋರ್ಟ್ಸ್ ಕಾರು ಹತ್ತುವುದಿಲ್ಲ. ಊರಿನವರು ಎಂತ ಹೇಳ್ಲಿಕ್ಕಿಲ್ಲ? ದೀಪಾವಳಿಯೊಳಗೆ ಒಂದೇ ದಮ್ಮಿಗೆ ಹತ್ತಬೇಕು. ಇಲ್ಲದಿದ್ದರೆ ಉಡುಪಿಯ ಗುಜರಿಯವನಿಗೆ ಫೋನ್ ಮಾಡ್ತೇನೆ. ಆರ್‌ಸಿ ನನ್ನ ಹೆಸರಲ್ಲಿ ಉಂಟು, ನೆನಪಿರ್ಲಿ.’

ಅಣ್ಣಯ್ಯ ಹೇಳಿದ್ದನ್ನು ಮಾಡುವವನು. ನನಗೆ ಅಂದು ಸಾನ್ನವೂ ರುಚಿಸಲಿಲ್ಲ. ಯಜಮಾನರು ಹೋದ ಮೇಲೆ ನನ್ನನ್ನು ಮನೆಯಿಂದ ಹೊರಗೆ ಎಳೆದದ್ದು ಆ ಕಾರು. ಅದನ್ನು ಹಳೆ ಫ್ಯಾನುಗಳ ಜತೆ, ತೂತು ಬಿದ್ದ ಹಂಡೆಗಳ ಜತೆ ತೂಕಕ್ಕೆ ಹಾಕುವುದನ್ನು ಕಲ್ಪಿಸಿಕೊಳ್ಳಲೂ ಆಗಲಿಲ್ಲ. ಹಿಂದಿರುಗುವಾಗ ನೇರ ಉಚ್ಚಿಲದ ಮೆಕ್ಯಾನಿಕ್ ಹಮೀದನ ಗ್ಯಾರೇಜಿಗೆ ಹೋದೆ. ಹಮೀದ್ ದುಬೈಯಲ್ಲಿ ಕೆಲಸ ಮಾಡಿ ಬಂದವನು. ಎಂಜಿನ್ನಿಗಿಂತ ಜೋರಾಗಿ ಓಡುವುದು ಅವನ ಬಾಯಿ.

‘ಅಕ್ಕಾ, ಕಾರಿಗೆ ಎಂತದೂ ಆಗ್ಲಿಲ್ಲ. ಒಳಗೊಂದು ಸಣ್ಣ ಕಂಪ್ಯೂಟರ್ ಉಂಟಲ್ಲ, ಎಂಜಿನ್ನಿಗೆ ಬುದ್ಧಿ ಹೇಳುವಂಥದ್ದು, ಅದು ಜಪಾನಿನ ಪೆಟ್ರೋಲಿಗೆ ಬರೆದದ್ದು. ಇಲ್ಲಿಯ ಪೆಟ್ರೋಲು, ಇಲ್ಲಿಯ ಸೆಕೆ, ಮತ್ತೆ ಆ ಚಡಾವು. ಅದಕ್ಕೆ ತಲೆ ತಿರುಗ್ತದೆ. ಚಿಪ್ ಬದಲಾಯಿಸುವ. ದುಬೈಯಲ್ಲಿ ಒಬ್ಬ ಶೇಖನ ಕಾರಿಗೆ ಹಾಕಿದ್ದೆ. ಮತ್ತೆ ಅದು ನಿಲ್ಲಲೇ ಇಲ್ಲ.’

‘ಒಳ್ಳೆದಾಯ್ತಲ್ಲ?’

‘ಎಂತ ಒಳ್ಳೆದು ಅಕ್ಕ, ನಿಲ್ಲಲೇ ಇಲ್ಲ! ಮರಳಿನ ಗುಡ್ಡೆಯೊಳಗೆ ಹೋಗಿ ಕೂತಿತು.’

ಇಂಥ ಶಿಫಾರಸಿನ ಬಲದ ಮೇಲೆ ನಾನು ಚಿಪ್ ಹುಡುಕಲು ಹೊರಟೆ. ಮಣಿಪಾಲದಲ್ಲಿ ಕಾರಿಗೆ ಶೋಕಿಯ ಸಾಮಾನು ಮಾರುವ ಅಂಗಡಿಯೊಂದಿದೆ. ಗಾಜಿನ ಬಾಗಿಲು, ಎಸಿ, ಕೌಂಟರಿನಲ್ಲಿ ಗಡ್ಡ ಬಿಟ್ಟ ಯುವಕ. ನನ್ನನ್ನು ನೋಡಿ, ದಾರಿ ತಪ್ಪಿ ಬಂದ ಅಜ್ಜಿ ಎಂದುಕೊಂಡು ಪಕ್ಕದ ಕಣ್ಣಿನ ಕ್ಲಿನಿಕ್ ತೋರಿಸಿದ. ಚಿಪ್ ಬೇಕೆಂದಾಗ ನೆಟ್ಟಗೆ ಕುಳಿತ.

‘ಮ್ಯಾಮ್, ಸ್ಟ್ರೀಟ್ ಯೂಸಾ, ಟ್ರ್ಯಾಕ್ ಯೂಸಾ?’

‘ಸಂಡೇ ಲಂಚ್ ಯೂಸ್’ ಎಂದೆ.

‘ಝೀರೋ ಟು ಹಂಡ್ರೆಡ್ ಎಷ್ಟು ಸೆಕೆಂಡಲ್ಲಿ ಬೇಕು ಮ್ಯಾಮ್?’

‘ನೂರು ಬೇಡ ಮಗಾ. ನಲವತ್ತರ ಸ್ಪೀಡಿನಲ್ಲಿ ಅಣ್ಣನ ಮನೆ ಮುಟ್ಟಿದರೆ ಸಾಕು.’

ಅವನು ಮೂರು ಚಿಪ್‌ಗಳನ್ನು ತೋರಿಸಿದ. ಗಂಡು ನೋಡುವ ಶಾಸ್ತ್ರ ನಮ್ಮ ಮನೆಯಲ್ಲಿ ನಡೆಯದೆ ತುಂಬ ಕಾಲವಾಗಿತ್ತು, ನನಗೆ ಉತ್ಸಾಹವೇ ಬಂತು. ಮೊದಲನೆಯವನು ಭಾರಿ ಶಕ್ತಿವಂತ, ಆದರೆ ಅವನಿಗೆ ಸಾಧಾರಣ ಪೆಟ್ರೋಲ್ ಆಗುವುದಿಲ್ಲ. ಅವನು ಕೇಳುವ ಪೆಟ್ರೋಲ್ ಹೆಜಮಾಡಿಯಿಂದ ಉಡುಪಿಯವರೆಗೆ ಎಲ್ಲೂ ಸಿಗುವುದಿಲ್ಲ. ಇಂಥ ಅಳಿಯಂದಿರನ್ನು ನಾನು ಕಂಡಿದ್ದೇನೆ, ಮನೆಗೆ ಬಂದರೆ ಕುಚ್ಚಲಕ್ಕಿ ಆಗುವುದಿಲ್ಲ ಎನ್ನುವವರು. ಎರಡನೆಯವನು ಅಗ್ಗ. ಪೆಟ್ರೋಲ್ ಉಳಿಸುತ್ತಾನೆ, ಶಕ್ತಿ ಹೆಚ್ಚಿಸುತ್ತಾನೆ, ಹೊಗೆ ಕಡಿಮೆ ಮಾಡುತ್ತಾನೆ ಎಂದು ಡಬ್ಬಿಯ ಮೇಲೆ ಬರೆದಿತ್ತು. ಜತೆಗೆ ಬಂದಿದ್ದ ಹಮೀದ್ ಅವನನ್ನು ಉಗುರಿನಿಂದ ಬಿಡಿಸಿ ನೋಡಿದ. ಒಳಗೆ ಒಂದು ಹಸಿರು ಬಲ್ಬು, ಮತ್ತೇನೂ ಇಲ್ಲ. ಇಂಥವರನ್ನೂ ಕಂಡಿದ್ದೇನೆ, ಮದುವೆ ಮನೆಗಳಲ್ಲಿ ತುಂಬ ಹೊಳೆಯುತ್ತಾರೆ. ಮೂರನೆಯವನು ನಮ್ಮ ಪೆಟ್ರೋಲಿಗೆ, ನಮ್ಮ ಸೆಕೆಗೆ ಹೊಂದಿಸಿ ಬರೆದವನು. ದೊಡ್ಡ ಮಾತಿಲ್ಲ, ಹೊಂದಿಕೊಂಡು ಹೋಗುತ್ತಾನೆ. ನನ್ನ ಯಜಮಾನರೂ ಇದೇ ನಮೂನೆಯವರು. ನಾನು ಮಾಡಿದ ಸಪ್ಪೆ ಸಾರನ್ನು ಜೀವಮಾನವಿಡೀ ‘ವೆರಿ ನೈಸ್’ ಎಂದು ಉಂಡವರು. ಮರುಯೋಚನೆ ಮಾಡದೆ ಮೂರನೆಯವನನ್ನೇ ಒಪ್ಪಿದೆ.

ಹಮೀದ್ ಚಿಪ್ ಕೂರಿಸಿ ಸ್ಟೇರಿಂಗಿನ ಪಕ್ಕ ಒಂದು ಪುಟ್ಟ ತಿರುಗಣೆ ಇಟ್ಟ. ‘ಎರಡು ಅಂದ್ರೆ ಸಾದಾ. ಮೂರು ಅಂದ್ರೆ ಫುಲ್ ಪವರ್. ಒಂದು ಅಂದ್ರೆ ಹಳೆ ಬುದ್ಧಿ, ಮೊದಲಿನ ಹಾಗೇ. ಅದನ್ನು ಮುಟ್ಲೇಬೇಡಿ ಅಕ್ಕ’ ಎಂದ.

ಮುಂದಿನ ಭಾನುವಾರ ಏರಿನ ಬುಡದಲ್ಲಿ ತಿರುಗಣೆಯನ್ನು ಮೂರಕ್ಕೆ ತಿರುಗಿಸಿದೆ. ಓ ಮೈ ಗಾಡ್! ಕಾರಿಗೆ ಮೈಮೇಲೆ ದೈವದ ದರ್ಶನ ಬಂದ ಹಾಗಾಯಿತು. ಬೆನ್ನು ಸೀಟಿಗೆ ಅಂಟಿತು, ಮುಡಿದಿದ್ದ ಮಲ್ಲಿಗೆ ಹಿಂದಿನ ಗಾಜಿಗೆ ಹಾರಿತು. ಸಿಸ್ಟರ್ ಹೇಳಿದ್ದೆಲ್ಲ ಮರೆತು ನಾನು ಹೈಸ್ಕೂಲ್ ಹುಡುಗಿಯಂತೆ ಕೂಗಿದೆ. ಕಣ್ಣು ಮಿಟುಕಿಸುವುದರೊಳಗೆ ಅಣ್ಣಯ್ಯನ ಅಂಗಳ. ಅಣ್ಣಯ್ಯ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದ. ‘ಭೇಷ್! ಇದು ನನ್ನ ಕಾರು!’ ಎಂದು ಬಾನೆಟ್ ಸವರಿ ಕೈ ಸುಟ್ಟುಕೊಂಡ. ಗುಜರಿಯವನ ಮಾತು ಅಲ್ಲಿಗೇ ಮುಗಿಯಿತು.

ಊಟಕ್ಕೆ ಕುಳಿತೆವು. ಅಣ್ಣಯ್ಯ ತಟ್ಟೆಯ ಎಡಕ್ಕೆ ನೋಡಿದ, ಬಲಕ್ಕೆ ನೋಡಿದ.

‘ಸಾನ್ನ ಎಲ್ಲಿ?’

ಆಗಲೇ ನನಗೆ ಹೊಳೆದದ್ದು, ಆ ಗಾಳಿಯ ರಭಸದ ನಡುವೆ ಗೇಟಿನ ಹತ್ತಿರ ಏನೋ ಒಂದು ಬೈರಾಸು ಹಾರಿದ್ದು ಕಂಡಿತ್ತು.

‘ಕಾರು ನಿಲ್ಲಲಿಲ್ಲವಲ್ಲ ಅಣ್ಣಯ್ಯ.’

ಅಣ್ಣಯ್ಯ ಬರಿಯ ಅನ್ನ ಕಲಸುತ್ತ, ‘ಎಂತ ಹಾಳು ಚಿಪ್ಪು ಮಾರಾಯ್ತಿ ಅದು’ ಎಂದ.

ಮರುವಾರ ಏರಿನ ಬುಡದಲ್ಲಿ ನಾನು ಸ್ವಲ್ಪ ಹೊತ್ತು ಯೋಚಿಸಿದೆ. ಕೀಲಿ ತಿರುಗಿಸಿ ಎಂಜಿನ್ ಆರಿಸಿದರೆ ಅದು ಮೋಸ, ಕಾನ್ವೆಂಟಿನ ಮನಸ್ಸು ಒಪ್ಪುವುದಿಲ್ಲ. ಆದರೆ ತಿರುಗಣೆಯನ್ನು ಒಂದಕ್ಕೆ ಇಟ್ಟರೆ, ನಿಲ್ಲುವುದು ಕಾರು, ನಾನಲ್ಲ. ಒಂದಕ್ಕೆ ಇಟ್ಟೆ. ಗುಡು ಗುಡು ಗುಡು, ಫುಸ್. ಗೇಟು ಮಾತ್ರ ಕೂಡಲೇ ‘ಕಿಂಯ್ಯ್’ ಎನ್ನಲಿಲ್ಲ. ಬಾಯಮ್ಮ ಒಳಗಿನಿಂದಲೇ ಕೇಳಿದರು, ‘ಯಾರದು? ಹೋದ ವಾರದ ಏರೋಪ್ಲೇನಾ? ನಾನು ಚೊಂಬು ಹಿಡ್ಕೊಂಡು ನಿಂತದ್ದು ಕಾಣ್ಲಿಲ್ವಾ ಸುಮಕ್ಕ? ಆ ಗಾಳಿಗೆ ನೀರೆಲ್ಲ ನನ್ನ ಮೇಲೆಯೇ!’

‘ಹೊಸ ಚಿಪ್ ಹಾಕಿಸಿದ್ದೆ ಬಾಯಮ್ಮ. ಇವತ್ತು ಯಾಕೋ...’

‘ಹೋಯ್ತಾ? ದೇವರು ದೊಡ್ಡವ’ ಎನ್ನುತ್ತ ಬೆಲ್ಲ ತಂದರು. ಸಾನ್ನವೂ ಬಂತು. ಅಣ್ಣಯ್ಯ ಅಂದು ಚಾವಡಿಯಲ್ಲಿ ‘ಫುಸ್’ ಕೇಳಿ, ‘ಅಬ್ಬ’ ಎಂದನಂತೆ.

ಹೀಗೆ ಮಳೆಗಾಲ ಮುಗಿಯುವವರೆಗೆ ಮೂರನೆಯ ನಂಬರಿನ ವರ ಬರಿಯ ಒಂದರಲ್ಲಿ ಸಂಸಾರ ಮಾಡಿದ. ಆಮೇಲೆ ಬಾಯಮ್ಮ ಗೋವೆಗೆ, ಮಗಳ ಮನೆಗೆ, ಇನ್ನು ಅಲ್ಲಿಯೇ ಇರಲು ಹೊರಟರು. ಮಗಳಿಗೆ ಅವಳಿ ಮಕ್ಕಳು, ಬಾಯಮ್ಮನಿಗೆ ಖುಷಿಯೇ ಖುಷಿ. ಹೊರಡುವ ಹಿಂದಿನ ಭಾನುವಾರ ಬೆಲ್ಲ ನೀರು ಆದ ಮೇಲೆ ಅವರು, ‘ಸುಮಕ್ಕ, ಇವತ್ತು ತಳ್ಳುವುದಿಲ್ಲ. ಇಷ್ಟು ವರ್ಷ ಇದು ಸಾಯುವುದನ್ನೇ ನೋಡಿದ್ದು, ಆವತ್ತು ಹಾರಿದಾಗ ಕಣ್ಣೊಳಗೆಲ್ಲ ಚೊಂಬಿನ ನೀರು. ಒಮ್ಮೆ ಜೋರಾಗಿ ಹೋಗಿ, ನಾನು ಗೇಟಲ್ಲಿ ನಿಂತು ಕಣ್ಣು ತುಂಬ ನೋಡ್ತೇನೆ’ ಎಂದರು.

ನಾನು ತಿರುಗಣೆಯನ್ನು ಮೂರಕ್ಕೆ ಹಾಕಿ ಹೊರಟೆ. ಕಾರು ಹಾರಿತು. ಕನ್ನಡಿಯಲ್ಲಿ ಬಾಯಮ್ಮ ಎರಡೂ ಕೈ ಎತ್ತಿ ಕುಣಿಯುತ್ತಿದ್ದರು, ಆದರೆ ಎಷ್ಟು ಬೇಗ ಸಣ್ಣಗಾಗತೊಡಗಿದರು! ನನ್ನ ಕೈ ನನ್ನನ್ನು ಕೇಳದೆ ತಿರುಗಣೆಯನ್ನು ಒಂದಕ್ಕೆ ತಂದಿತು. ಗುಡು ಗುಡು. ಫುಸ್. ಕೆಳಗಿನಿಂದ ‘ಕಿಂಯ್ಯ್’ ಕೇಳಿತು. ಬಾಯಮ್ಮ ನೈಟಿ ಎತ್ತಿ ಹಿಡಿದು, ಏದುಸಿರು ಬಿಡುತ್ತ, ನಗುತ್ತ, ಬಯ್ಯುತ್ತ ಚಡಾವು ಹತ್ತಿ ಬಂದು ಡಿಕ್ಕಿಯ ಮೇಲೆ ಎರಡೂ ಕೈ ಇಟ್ಟರು.

‘ಅದನ್ನು ಮೂರಕ್ಕೆ ಹಾಕಿ ಸುಮಕ್ಕ’ ಎಂದು ಕೂಗಿದರು, ‘ಬೆಲ್ಲ ಕೊಡುವಾಗ ಆ ತಿರುಗಣೆ ಕಿಟಕಿಯಿಂದ ಕಾಣ್ತದೆ, ನನಗೆ ಮೊದಲಿಂದ ಗೊತ್ತುಂಟು! ನಾನು ಎಷ್ಟು ಅಂತ ತಳ್ಳುವುದು?’

ಮೂರಕ್ಕೆ ಹಾಕಿದೆ. ಹಿಂದಿನಿಂದ ‘ಹೋಯ್ಯಾ’ ಎಂದು ಕೇಳಿತು. ಕನ್ನಡಿಯ ತುಂಬ ಬಾಯಮ್ಮನ ಮುಖ, ತಾನೇ ಆ ಕಾರನ್ನು ಗುಡ್ಡದ ಮೇಲಕ್ಕೆ ಎಸೆಯುತ್ತಿದ್ದೇನೆ ಎಂಬ ಹೆಮ್ಮೆಯಿಂದ ಕೆಂಪಾಗಿತ್ತು. ನಾನು ಅವರನ್ನು ಕೊನೆಯ ಸಲ ನೋಡಿದ್ದು ಹಾಗೆ.