ಅಕ್ಸೋರಿಯಸ್ ಆದ ಕಥೆ

ಇಂಗ್ಲಿಷ್ ಮೇಷ್ಟ್ರಿಗೆ ಗೊತ್ತಿಲ್ಲದ ಇಂಗ್ಲಿಷ್ ಪದ ಇರಬಹುದು. ಅದು ಹೆಂಡತಿಗೆ ಗೊತ್ತಾಗಬಾರದು, ಅಷ್ಟೇ. ಇಷ್ಟು ವರ್ಷ ಈ ಮರ್ಯಾದೆಯನ್ನು ಜೋಪಾನವಾಗಿ ಕಾಯ್ದುಕೊಂಡಿದ್ದೆ. ಕಳೆದ ತಿಂಗಳು ಅಫಜಲಪುರದ ನಮ್ಮ ಕಾಲೇಜಿನ ವಾರ್ಷಿಕ ಸಮಾರಂಭದಲ್ಲಿ ಪ್ರಾಚಾರ್ಯರು ನನ್ನನ್ನು ಹೊಗಳುವ ಭರದಲ್ಲಿ, "ಕಾಲೇಜು ಬಿಟ್ಟ ಕೂಡ್ಲೇ ಬಸ್‌ಸ್ಟ್ಯಾಂಡಿಗೆ ಓಡ್ತಾರ್ರಿ. ನಮ್ಮ ಸರ್ ಭಾಳ ಅಕ್ಸೋರಿಯಸ್!" ಎಂದುಬಿಟ್ಟರು. ಮುಂದಿನ ಸಾಲಿನಲ್ಲಿ ಕೂತಿದ್ದ ನನ್ನ ಹೆಂಡತಿ ಮಹಾದೇವಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದಳು.

ಮನೆಗೆ ಹೊರಟು ಚೌಡಾಪುರದ ಬಸ್ಸಿನಲ್ಲಿ ಕೂತ ಕೂಡಲೇ ಕೇಳಿದಳು: "ರೀ, ಅಕ್ಸೋರಿಯಸ್ ಅಂದ್ರ ಏನ್ರಿ?"

ನನಗೇನು ಗೊತ್ತು? ಬಾಯಿಗೆ ಬಂದದ್ದು ಹೇಳಿದೆ: "ಲಗ್ಜುರಿಯಸ್ ಇದ್ದಾಂಗ. ಐಷಾರಾಮಿ ಅಂತ."

ಬಾರು ಕಿತ್ತು ಹೊಲಿಗೆ ಹಾಕಿಸಿದ್ದ ನನ್ನ ಚಪ್ಪಲಿಯನ್ನೊಮ್ಮೆ ಅವಳು ನೋಡಿ, "ನೀವಾ?" ಎಂದಳು.

ಮರುದಿನ ಕಾಲೇಜಿನಲ್ಲಿ ಕದ್ದುಮುಚ್ಚಿ ನಿಘಂಟು ತೆಗೆದೆ. ಲ್ಯಾಟಿನ್ನಿನಲ್ಲಿ ಉಕ್ಸೋರ್ ಎಂದರೆ ಹೆಂಡತಿಯಂತೆ. ಅದರಿಂದ ಹುಟ್ಟಿದ ಈ ಗುಣವಾಚಕಕ್ಕೆ, ಹೆಂಡತಿಯನ್ನು ಅತಿಯಾಗಿ ಪ್ರೀತಿಸುವವನು, ಅವಳ ಮಾತು ಮೀರದವನು ಎಂದರ್ಥ. ಬೆನ್ನ ಹಿಂದಿನಿಂದ ಇಣುಕಿದ ಇತಿಹಾಸದ ಮೇಷ್ಟ್ರು ಖಾಜಾಸಾಬರು, "ಅಂದ್ರ ಜೋರೂ ಕಾ ಗುಲಾಮ್ ಅನ್ರಿ ಸರ್!" ಎಂದು ಬಿದ್ದು ಬಿದ್ದು ನಕ್ಕರು. ಅಸಲಿಗೆ ನಾನು ಓಡುತ್ತಿದ್ದುದು ಹೆಂಡತಿಗಾಗಿ ಅಲ್ಲ, ಕಿಟಕಿ ಪಕ್ಕದ ಸೀಟಿಗಾಗಿ. ಅದನ್ನು ಅವರಿಗೇಕೆ ಹೇಳಲಿ?

ಸಂಜೆ ಮಹಾದೇವಿ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಖಾಜಾಸಾಬರ ಅನುವಾದವನ್ನೇ ಒಪ್ಪಿಸಿದೆ.

"ಜೋರಾ? ಯಾರ್ರಿ ಜೋರು? ನಾನಾ?" ದನಿ ಓಣಿಯ ಕೊನೆಯವರೆಗೂ ಹೋಯಿತು.

"ಉರ್ದುದಾಗ ಜೋರೂ ಅಂದ್ರ ಹೆಂಡತಿ, ಮಾರಾಯ್ತಿ! ಹೆಂಡತಿ ಮ್ಯಾಲ ಭಾಳ ಪ್ರೀತಿ ಇರೋ ಗಂಡ ಅಂತ ಅರ್ಥ."

ಅವಳ ಕೈ ನಿಂತಿತು. ಗೆದ್ದೆ ಅಂದುಕೊಂಡೆ.

"ಹೌದ್ರಿ? ಇಡೀ ಕಾಲೇಜಿಗೇ ಗೊತ್ತಾಗ್ಯಾದ. ಈ ಸುದ್ದಿ ನನಗೊಬ್ಬಾಕಿಗೆ ಯಾಕ್ರಿ ಮುಟ್ಟಿಲ್ಲ?"

ನಗುತ್ತಲೇ ಕೇಳಿದಳು. ನಾಮಪದದಲ್ಲಿ ಇಲ್ಲದ ಗುಣವನ್ನು ಗುಣವಾಚಕ ಎಲ್ಲಿಂದ ತರಬೇಕು ಎಂದು ತರಗತಿಯಲ್ಲಿ ಹುಡುಗರನ್ನು ಗದರುವವನು ನಾನು. ಈಗ ಆ ನಾಮಪದ ನಾನೇ ಆಗಿದ್ದೆ. ಅವಳೆದುರು ಕೂತು, ಮೊರ ಎಳೆದುಕೊಂಡು, ನಾನೂ ಬೆಳ್ಳುಳ್ಳಿ ಸುಲಿಯತೊಡಗಿದೆ. ಅವತ್ತಿನಿಂದ ದಿನಾ ಸಂಜೆ ಇದೇ ಕೆಲಸ. ಬೆರಳಿನ ವಾಸನೆ ತರಗತಿಯವರೆಗೂ ಬರುತ್ತದೆ, ಖಾಜಾಸಾಬರು ಮೂಗು ಮುಚ್ಚಿಕೊಂಡು ನಗುತ್ತಾರೆ.

ನಿನ್ನೆ ಮಹಾದೇವಿ ನಾನು ಸುಲಿದದ್ದನ್ನು ಎತ್ತಿ ದೀಪಕ್ಕೆ ಹಿಡಿದು ನೋಡಿದಳು.

"ಅರ್ಧಾ ಸಿಪ್ಪಿ ಹಾಂಗೇ ಅದ. ನೀವು ಇನ್ನೂ ಲಗ್ಜುರಿಯಸ್ಸೇ ಅದೀರಿ ಬಿಡ್ರಿ."