ಶಾಸಕರ ಮನೆಗೆ ಹೋದ ಸ್ಟೀಲ್ ಡಬ್ಬ

ನಮ್ಮ ಪಕ್ಕದ ಮನೆಯ ಶಾಸಕರ ಬಾಯಿಂದ ‘ಯೆಸ್’ ಎಂಬ ಮಾತನ್ನು ಕೇಳಿದವರು ಯಾರಾದರೂ ಇದ್ದರೆ ದಯವಿಟ್ಟು ನನಗೆ ತಿಳಿಸಿ. ಮದುವೆಯ ದಿನ ಪಾದ್ರಿಗಳು ಒಪ್ಪಿಗೆಯೇ ಎಂದು ಕೇಳಿದಾಗ ಒಂದು ಸಲ ಹೇಳಿರಬೇಕು. ಅದನ್ನೂ ಬರೀ ತಲೆಯಾಡಿಸಿ ಮುಗಿಸಿದರೋ ಏನೋ, ಯಾರಿಗೆ ಗೊತ್ತು!

ನಾವಾಗ ಪುಟ್ಟ ಮಗಳೊಂದಿಗೆ ಡೆಟ್ರಾಯಿಟ್ ಹತ್ತಿರದ ರಾಚೆಸ್ಟರ್ ಹಿಲ್ಸ್‌ನಲ್ಲಿದ್ದೆವು. ನಮ್ಮೆಜಮಾನರು ಕಾರುಗಳಿಗೆ ಬ್ರೇಕ್ ಮಾಡುವ ಕಂಪನಿಯೊಂದರಲ್ಲಿ ಎಂಜಿನಿಯರ್. ಮನೆ ಕೊಂಡು ಬಂದ ವಾರವೇ ಪಕ್ಕದವರು ರಾಜ್ಯದ ಶಾಸಕರೆಂದು ತಿಳಿದು ಇವರ ಎದೆ ಉಬ್ಬಿತು.

“ಎಮ್ಮೆಲ್ಲೆ ಕಣೇ, ಎಮ್ಮೆಲ್ಲೆ! ಇನ್ನು ನಮ್ಮ ರಸ್ತೇಲಿ ಕರೆಂಟ್ ಹೋಗಲ್ಲ ನೋಡ್ತಿರು!”

ಅದೇ ವಾರ ಬಿರುಗಾಳಿ ಬಂದು ಕರೆಂಟ್ ಹೋಯಿತು. ಶಾಸಕರು ಟಾರ್ಚ್ ಹಿಡಿದುಕೊಂಡು ನಮ್ಮ ಹಾಗೆಯೇ ಮೆಟ್ಟಿಲ ಮೇಲೆ ಕೂತಿದ್ದರು. ಹಿಂಬಾಲಕರಿಲ್ಲ, ಹಾರವಿಲ್ಲ, ಬಿಳಿ ಕಾರಿಲ್ಲ. ಹುಲ್ಲು ಕತ್ತರಿಸುವುದೂ ಅವರೇ, ಹಿಮ ಎತ್ತುವುದೂ ಅವರೇ. ಮೈಸೂರಿನವಳಾದ ನನಗೆ ಇಂಥ ಶಾಸಕರನ್ನು ನೋಡಿ ಅಯ್ಯೋ ಪಾಪ ಎನಿಸಿತು.

ಅವರದು ಸಂಪ್ರದಾಯವಾದಿ ಪಕ್ಷ. ಆದರೆ ಪಕ್ಷದವರೇ ಇವರ ಮುಂದೆ ಬೆಪ್ಪಾಗುತ್ತಿದ್ದರಂತೆ! ಹೊಸ ತೆರಿಗೆ? ನೋ. ಹೊಸ ಇಲಾಖೆ? ನೋ. ರಸ್ತೆ ರಿಪೇರಿಗೆ ಇನ್ನಷ್ಟು ಹಣ? ನೋ. ಒಮ್ಮೆ ಶಾಲೆಯ ಮಕ್ಕಳೆಲ್ಲ ಸೇರಿ ರಾಜ್ಯಕ್ಕೊಂದು ಅಧಿಕೃತ ಚಿಟ್ಟೆ ಬೇಕೆಂದು ಕೇಳಿಕೊಂಡರಂತೆ. ಇಡೀ ಸಭೆ ಕರಗಿ ನೀರಾಯಿತು. ಇವರೊಬ್ಬರು ಎದ್ದು ನಿಂತು, “ಚಿಟ್ಟೆ ಏನಾದ್ರೂ ಸರ್ಕಾರನ ಕೇಳ್ಕೊಂಡಿತ್ತಾ?” ಎಂದರಂತೆ. (ಅವರ ಇಂಗ್ಲಿಷನ್ನು ನಾನು ನಮ್ಮ ಕನ್ನಡಕ್ಕೆ ಇಳಿಸಿ ಹೇಳುತ್ತಿದ್ದೇನೆ. ಅವರು ಓದುವುದಿಲ್ಲ, ನೀವೂ ಹೇಳಬೇಡಿ.) ಅವರು ಊರೂರು ತಿರುಗಿ ಪ್ರಚಾರ ಮಾಡಿದ್ದು ಒಂದೇ ಒಂದು ನಿಯಮಕ್ಕೆ. ಅದೂ ಶಾಸಕರು ಬಹಳ ವರ್ಷ ಕುರ್ಚಿಯಲ್ಲಿ ಕೂರಕೂಡದು ಎನ್ನುವ ನಿಯಮ!

ಮೊದಲ ಸಂಕ್ರಾಂತಿ ಬಂತು. ಹೊರಗೆ ಮೊಣಕಾಲುದ್ದ ಹಿಮ. ಆದರೂ ಎಳ್ಳು ಬೀರದಿದ್ದರೆ ಆಗುತ್ತದೆಯೇ? ಸ್ಟೀಲ್ ಡಬ್ಬದ ತುಂಬ ಎಳ್ಳು-ಬೆಲ್ಲ ಹಾಕಿಕೊಂಡು ಹೋದೆ.

“ಮತದಾರರಿಂದ ನಾನು ಏನೂ ತಗೊಳ್ಳಲ್ಲ,” ಎಂದರು.

“ನಾವು ಗ್ರೀನ್ ಕಾರ್ಡಿನವರು. ನಮಗೆ ವೋಟೇ ಇಲ್ಲ,” ಎಂದೆ.

ಸ್ವಲ್ಪ ಹೊತ್ತು ಯೋಚಿಸಿ ತೆಗೆದುಕೊಂಡರು. ಮಾರನೆಯ ದಿನ ಡಬ್ಬ ಫಳಫಳ ತೊಳೆದು ವಾಪಸ್ ತಂದರು. ಮುಚ್ಚಳ ತೆಗೆದು ನೋಡುತ್ತೇನೆ, ಖಾಲಿ! ಯಾರಾದರೂ ಕೊಟ್ಟ ಡಬ್ಬವನ್ನು ಖಾಲಿ ಕೊಡುತ್ತಾರೆಯೇ? ಏನೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆಯನ್ನಾದರೂ ಹಾಕಬೇಡವೇ? ಬಾಯಿ ತಡೆಯದೆ ಹಾಗೆಂದು ಹೇಳಿಯೂಬಿಟ್ಟೆ. ಅವರ ಕಿವಿ ನೆಟ್ಟಗಾಯಿತು.

“ಈ ಕಾನೂನು ಮಾಡಿದ್ದು ಯಾರು?”

“ಯಾರೂ ಇಲ್ಲ.”

“ಮುರಿದರೆ ದಂಡ?”

“ಇಲ್ಲ.”

“ಮತ್ತೆ ಇದನ್ನ ಜಾರಿ ಮಾಡೋರು ಯಾರು?”

“ನಮ್ಮತ್ತೆ!”

ಅವರ ಮುಖದಲ್ಲಿ ಅಷ್ಟು ಆನಂದವನ್ನು ನಾನು ಅದುವರೆಗೂ ಕಂಡಿರಲಿಲ್ಲ. ಸರ್ಕಾರವಿಲ್ಲದೆ ಹುಟ್ಟಿ, ಸರ್ಕಾರವಿಲ್ಲದೆ ನಡೆಯುವ ಕಾನೂನು! ಡಬ್ಬ ಕಿತ್ತುಕೊಂಡು ಓಡಿಹೋಗಿ ಅಕ್ರೋಟು ತುಂಬಿಕೊಂಡು ಬಂದರು. ಈಗ ಸಂಕಟ ನನಗೆ. ನಾನು ಖಾಲಿ ಕೊಡಲು ಬರುತ್ತದೆಯೇ? ಚಕ್ಕುಲಿ ಹಾಕಿ ಕೊಟ್ಟೆ. ಅವರು ಟೊಮ್ಯಾಟೊ ಹಾಕಿ ಕೊಟ್ಟರು. ಒಂದು ಸಲ ಮುಚ್ಚಳ ತೆಗೆದರೆ ಒಳಗೆ ಡಬ್ಬದ ತುಂಬ ಮೊಳೆ! “ಮನೇಲಿ ಇದ್ದಿದ್ದು ಇದೇ,” ಎಂದರು. ಹೆಂಡತಿ ತೀರಿಕೊಂಡು ಒಬ್ಬರೇ ಇದ್ದ ಮನೆಯಲ್ಲಿ ಇನ್ನೇನು ತಾನೇ ಇದ್ದೀತು? ಹೀಗೆ ಆ ಡಬ್ಬ ಎರಡು ಮನೆಗಳ ನಡುವೆ ವರ್ಷಗಟ್ಟಲೆ ಓಡಾಡಿತು. ನಿಲ್ಲಿಸುವ ಹಕ್ಕು ಇಬ್ಬರಿಗೂ ಇರಲಿಲ್ಲ.

ನಮ್ಮ ಕನ್ನಡ ಕೂಟದವರು ಒಮ್ಮೆ ಅವರನ್ನು ರಾಜ್ಯೋತ್ಸವಕ್ಕೆ ಮುಖ್ಯ ಅತಿಥಿಯಾಗಿ ಕರೆದರು. ಶಾಲು ಬೇಡ, ಹಾರ ಬೇಡ, ನೆನಪಿನ ಕಾಣಿಕೆಯಂತೂ ಬೇಡವೇ ಬೇಡ. ಮೈಕಿನ ಮುಂದೆ ನಿಂತು, “ನಿಮ್ಮ ಹಬ್ಬಕ್ಕೆ ಸರ್ಕಾರದೋನು ಯಾಕೆ ಬೇಕು? ಊಟ ಮಾಡಿ,” ಎಂದು ಕೆಳಗಿಳಿದರು. ಅಂಥ ಚಪ್ಪಾಳೆ ನಮ್ಮ ಕೂಟದಲ್ಲಿ ಯಾವ ಭಾಷಣಕ್ಕೂ ಬಿದ್ದಿರಲಿಲ್ಲ.

ಆಮೇಲೆ ರಿಸೆಷನ್ ಬಂತು. ಕಾರು ಕೊಳ್ಳುವವರೇ ಇಲ್ಲವೆಂದ ಮೇಲೆ ಬ್ರೇಕು ಯಾರಿಗೆ ಬೇಕು? ನಮ್ಮೆಜಮಾನರ ಕೆಲಸ ಹೋಯಿತು. ನಿರುದ್ಯೋಗ ಭತ್ಯೆಯಲ್ಲಿ ಸಂಸಾರ ನಡೆಯುತ್ತಿತ್ತು. ಅದೂ ಮುಗಿಯುವ ಹೊತ್ತಿಗೆ, ಭತ್ಯೆಯನ್ನು ಇನ್ನಷ್ಟು ತಿಂಗಳು ಮುಂದುವರಿಸುವ ಮಸೂದೆ ಸಭೆಯ ಮುಂದೆ ಬಂತು. ಅದು ಪಾಸಾದರೆ ಮನೆ ಉಳಿಯುತ್ತದೆ, ಇಲ್ಲವಾದರೆ ಇಲ್ಲ. ನಾನು ಕಂಡ ದೇವರಿಗೆಲ್ಲ ಹರಕೆ ಹೊತ್ತೆ.

ಮಸೂದೆ ಬಿದ್ದುಹೋಯಿತು. ನಮ್ಮ ಶಾಸಕರು ಏನೆಂದಿದ್ದರೆಂದು ನಾನು ಬೇರೆ ಹೇಳಬೇಕೇ?

ಮೈಯೆಲ್ಲ ಉರಿದುಹೋಯಿತು. ಆಗ ಡಬ್ಬ ನಮ್ಮ ಮನೆಯಲ್ಲಿತ್ತು. ಸೀದಾ ಹೋಗಿ ಖಾಲಿ ಡಬ್ಬವನ್ನು ಅವರ ಬಾಗಿಲಲ್ಲಿ ಕುಕ್ಕಿ ಬಂದೆ.

“ಖಾಲಿ ಕೊಟ್ಯೇನೇ?” ನಮ್ಮೆಜಮಾನರು ಬೆಚ್ಚಿಬಿದ್ದರು. “ಅಮ್ಮಂಗೆ ಗೊತ್ತಾದ್ರೆ...”

“ನಾನೇ ಫೋನ್ ಮಾಡಿ ಹೇಳ್ತೀನಿ, ಸುಮ್ನಿರ್ರೀ!”

ಸಂಜೆ ಶಾಸಕರು ಡಬ್ಬ ಹಿಡಿದು ಬಂದರು. ಮುಖ ಚಿಕ್ಕದಾಗಿತ್ತು.

“ನೀವು ಕಾನೂನು ಮುರಿದಿರಿ.”

“ನೀವು ನಮ್ಮ ಅನ್ನಕ್ಕೆ ನೋ ಅಂದಿರಿ!”

“ಕಷ್ಟದಲ್ಲಿರೋರಿಗೆ ಸಹಾಯ ಮಾಡೋದು ಸರ್ಕಾರದ ಕೆಲಸ ಅಲ್ಲ. ನೆರೆಯವರ ಕೆಲಸ.”

“ಸರಿ. ನಮ್ಮ ನೆರೆಯವರು ಯಾರು ಸ್ವಾಮಿ?”

ಅವರು ಡಬ್ಬವನ್ನೇ ನೋಡುತ್ತ ನಿಂತರು. ಆಮೇಲೆ ಅದನ್ನು ನನ್ನ ಕೈಗಿಟ್ಟು ಹೊರಟುಹೋದರು.

ಬೆಳಿಗ್ಗೆ ನಮ್ಮ ಮನೆ ಮುಂದೆ ಅವರ ಹಳೆಯ ಪಿಕಪ್ ಟ್ರಕ್ ಹಾರ್ನ್ ಹೊಡೆಯಿತು. ನಮ್ಮೆಜಮಾನರನ್ನು ಹತ್ತಿಸಿಕೊಂಡು, ಊರಿನ ಫ್ಯಾಕ್ಟರಿ, ವರ್ಕ್‌ಶಾಪು ಒಂದನ್ನೂ ಬಿಡದೆ ಸುತ್ತಿದರು. ಯಾರಿಂದಲೂ ಒಂದು ಲೋಟ ಕಾಫಿ ಮುಟ್ಟದ ಮನುಷ್ಯ ಬಾಗಿಲು ಬಾಗಿಲಿಗೂ ಹೋಗಿ, “ಇವರು ಒಳ್ಳೇ ಎಂಜಿನಿಯರ್, ಕೆಲಸ ಕೊಡಿ,” ಎಂದು ಕೇಳಿದರು. ಎಲ್ಲ ಕಡೆಯೂ ಸಿಕ್ಕಿದ್ದು ನೋ!

“ಪಾಪ ಕಣೇ,” ಎಂದರು ನಮ್ಮೆಜಮಾನರು. “ಟೋಪಿ ಕೈಯಲ್ಲಿ ಹಿಡ್ಕೊಂಡು ನಿಂತ್ಕೋತಾರೆ. ಫ್ಯಾಕ್ಟರಿಯವರು ನೋ ಅಂದಾಗೆಲ್ಲ ನನಗಿಂತ ಇವರ ಮುಖಾನೇ ಬಾಡಿಹೋಗತ್ತೆ.”

ಕೊನೆಗೆ ಷಿಕಾಗೋ ಕಡೆಯಿಂದ ಇಂಟರ್‌ವ್ಯೂಗೆ ಕರೆ ಬಂತು. ನಮ್ಮ ಕಾರು ಆ ಹಿಮದಲ್ಲಿ ಅಷ್ಟು ಮೈಲಿ ಓಡುವ ಸ್ಥಿತಿಯಲ್ಲಿರಲಿಲ್ಲ. ಮತ್ತೆ ಅದೇ ಪಿಕಪ್! ರಸ್ತೆಯಲ್ಲಿ ಗುಂಡಿ ಬಂದಾಗಲೆಲ್ಲ ಶಾಸಕರು ಬೈದರಂತೆ. ರಿಪೇರಿ ದುಡ್ಡಿಗೆ ನೋ ಅಂದವರು ಯಾರು ಎಂದು ನಮ್ಮೆಜಮಾನರು ಕೇಳಲಿಲ್ಲ. ಕೆಲಸವಿಲ್ಲದವರಿಗೆ ಅಷ್ಟು ಧೈರ್ಯ ಎಲ್ಲಿಂದ ಬರಬೇಕು! ಇವರು ಒಳಗೆ ಉತ್ತರ ಹೇಳುವಷ್ಟು ಹೊತ್ತೂ ಅವರು ಹೊರಗೆ ಟ್ರಕ್ಕಿನಲ್ಲಿ ನಡುಗುತ್ತ ಕೂತಿದ್ದರಂತೆ.

ಕೆಲಸ ಸಿಕ್ಕಿತು. ಮನೆಯನ್ನು ಬಂದ ಬೆಲೆಗೆ ಮಾರಿ ಷಿಕಾಗೋ ಪಕ್ಕದ ಗ್ಲೆಂಡೇಲ್ ಹೈಟ್ಸ್‌ಗೆ ಹೊರಟೆವು. ಅದೇ ಹೊತ್ತಿಗೆ ಶಾಸಕರ ಅವಧಿಯೂ ಮುಗಿದಿತ್ತು. ಮತ್ತೆ ನಿಲ್ಲುವಂತಿಲ್ಲ, ಅದು ಅವರೇ ಹೋರಾಡಿ ತಂದ ನಿಯಮ!

ಸಾಮಾನೆಲ್ಲ ಲಾರಿಗೆ ಏರಿದ ಮೇಲೆ ಅವರು ಬರಿಗೈಯಲ್ಲಿ ಬಂದು ನಿಂತರು. ಡಬ್ಬ ಅವರ ಮನೆಯಲ್ಲಿತ್ತು. ಹಿಂದಿನ ದಿನವಷ್ಟೇ ಅದರ ತುಂಬ ರವೆ ಉಂಡೆ ಹಾಕಿ ಕೊಟ್ಟಿದ್ದೆ.

“ನಮ್ಮ ಡಬ್ಬ ಕೊಡಿ,” ಎಂದೆ.

“ನೋ.”

ತಮಾಷೆ ಎಂದುಕೊಂಡೆ. ಅವರು ನಗಲಿಲ್ಲ.

“ಅದಕ್ಕೆ ಹಾಕಿ ಕೊಡೋಕೆ ಮನೇಲಿ ಏನೂ ಸಿಗಲಿಲ್ಲ. ಖಾಲಿ ಕೊಡೋ ಹಾಗಿಲ್ಲ. ನನ್ನ ಹತ್ರಾನೇ ಇರಲಿ. ನೀವೇ ಬಂದು ತಗೊಂಡು ಹೋಗಬೇಕು.”

ಆಗಲಿ ಎಂದು ತಲೆಯಾಡಿಸಿ, ಹೇಗೋ ರಿಪೇರಿ ಮಾಡಿಸಿದ್ದ ನಮ್ಮ ಕಾರು ಹತ್ತಿದೆ. ಕಾರು ಹೊರಟಿತು. ತಿರುಗಿ ನೋಡಿದರೆ, ಅವರು ನಮ್ಮ ಖಾಲಿ ಮನೆಯ ಮುಂದೆ ಬಿದ್ದಿದ್ದ ಹಿಮವನ್ನು ಗುಡಿಸುತ್ತಿದ್ದರು.

ಹಿಂದಿನ ಸೀಟಿನಿಂದ ಮಗಳು ಬಗ್ಗಿ ನೋಡಿ ಕೇಳಿದಳು, “ಮಾಮ್, ಆರ್ ಯೂ ಕ್ರೈಯಿಂಗ್?”

“ನೋ,” ಎಂದೆ.