ಬ್ಯಾಡಗಿಯ ಕೈಗವಸುಗಳ ಕುರಿತು ಪಕ್ಷದ ನಿಲುವು

ಜಾಗತೀಕರಣದ ಬಗ್ಗೆ ಸರ್ವ ಸಮಬಾಳ್ವೆ ಪಕ್ಷದ ನಿಲುವು ಅತ್ಯಂತ ಸ್ಪಷ್ಟವಾಗಿದೆ. ಪಕ್ಷವು ಅದನ್ನು ತಾತ್ವಿಕವಾಗಿ ವಿರೋಧಿಸುತ್ತದೆ, ಪ್ರಾಯೋಗಿಕವಾಗಿ ಸ್ವಾಗತಿಸುತ್ತದೆ. ಎರಡಕ್ಕೂ ಹಾವೇರಿ ಕಚೇರಿಯಲ್ಲಿ ಪ್ರತ್ಯೇಕ ಬ್ಯಾನರುಗಳಿವೆ.

ಬ್ಯಾಡಗಿಯ ಗೋದಾಮೊಂದರಲ್ಲಿ ಹೊನ್ನವ್ವ ಮತ್ತು ಇತರ ಮೂವತ್ತೊಂಬತ್ತು ಹೆಂಗಸರು ಮೆಣಸಿನಕಾಯಿಯ ತೊಟ್ಟು ಮುರಿಯುತ್ತಾರೆ. ಆ ಕಾಯಿ ಕೊಳ್ಳುವ ವಿದೇಶಿ ಕಂಪನಿಯು ಕಳೆದ ಜನವರಿಯಲ್ಲಿ ನಲವತ್ತು ಜೊತೆ ಕೈಗವಸು ಕಳಿಸಿತು. ಹೆಂಗಸರ ಸಂಘ ಪಕ್ಷದ್ದಾದ್ದರಿಂದ ಜಿಲ್ಲಾಧ್ಯಕ್ಷ ಪ್ರಭುಲಿಂಗಪ್ಪನವರು ಗವಸಿನ ಪೆಟ್ಟಿಗೆಯನ್ನು ಕಚೇರಿಗೆ ತರಿಸಿಕೊಂಡು ಸೀಲು ಹಾಕಿದರು. ಹೊನ್ನವ್ವ ಬಸ್ಸು ಹತ್ತಿ ಹಾವೇರಿಗೆ ಬಂದಳು.

"ಕೈ ಬೆಂಕಿಯಂಗ ಉರಿತಾವ್ರಿ ಅಧ್ಯಕ್ಷರ. ಮೊನ್ನೆ ಮೊಮ್ಮಗಳು ಕಾವ್ಯಾನ ಕಣ್ಣಿಗೆ ಕೈ ತಾಗಿ, ಕೂಸು ಈಗ ನನ್ನ ಹತ್ರ ಬರಾಕ ಒಲ್ಲದು."

"ನಿನ್ನ ಸಂಕಟ ತಿಳಿತೈತಿ, ಹೊನ್ನವ್ವಾ. ಆದ್ರ ಇದು ಬರೇ ಗವಸಲ್ಲ, ವಿದೇಶಿ ಬಂಡವಾಳ."

"ನನಗ ಗವಸಿನಂಗ ಕಾಣತೈತ್ರಿ."

"ಮೊದಲಿಗೆ ಎಲ್ಲಾರಿಗೂ ಹಂಗ ಕಾಣತೈತಿ," ಎಂದು ಪ್ರಭುಲಿಂಗಪ್ಪ ಸಮಾಧಾನ ಹೇಳಿ, ಚಹಾ ತರಿಸಿದರು.

ವಿಷಯದ ಅಧ್ಯಯನಕ್ಕೆ ಉಪಸಮಿತಿ ರಚನೆಯಾಯಿತು. ಅದು ರಾಣೇಬೆನ್ನೂರಿನ ಕಲ್ಯಾಣ ಮಂಟಪದಲ್ಲಿ ಎರಡು ದಿನ ಸಭೆ ಸೇರಿತು. ಸದಸ್ಯರು ಸರದಿಯಂತೆ ಗವಸು ಹಾಕಿ ನೋಡಿ, "ಗವಸು ಬಹಳ ಹಿತವಾಗಿದೆ, ಆದ್ದರಿಂದ ಇನ್ನಷ್ಟು ಅಪಾಯಕಾರಿ" ಎಂದು ದಾಖಲಿಸಿದರು.

"ಹಂಚಿಬಿಡ್ರಿ, ಪಾಪ, ಕೈ ಸುಟ್ಟುಕೊಳ್ಳಾಕತ್ತಾರ," ಎಂದರು ಕಾರ್ಯದರ್ಶಿ ಮಹಮೂದಾಬೇಗಂ.

ಅವರ ಅಭಿಪ್ರಾಯವನ್ನು ಗಮನಿಸಲಾಯಿತು. ನಂತರ ಊಟಕ್ಕೆ ಏಳಲಾಯಿತು.

ಎರಡನೆಯ ದಿನ ಸಂಜೆ ನಿರ್ಣಯ ಹೊರಬಿತ್ತು: "ಪಕ್ಷವು ಮಧ್ಯಮ ಮಾರ್ಗದಲ್ಲಿದ್ದು ಕೊಂಚ ಎಡಕ್ಕೆ ವಾಲಿರುವುದರಿಂದ, ಎಡಗೈ ಗವಸುಗಳನ್ನು ಮಾತ್ರ ವಿತರಿಸತಕ್ಕದ್ದು. ಬಲಗೈ ಗವಸುಗಳನ್ನು ನ್ಯಾಯಯುತ ವಿಶ್ವವ್ಯವಸ್ಥೆ ಸ್ಥಾಪನೆಯಾಗುವವರೆಗೆ ಕಚೇರಿಯ ಕಪಾಟಿನಲ್ಲಿ ಇಡತಕ್ಕದ್ದು."

ಬ್ಯಾಡಗಿಯಲ್ಲಿ ವಿತರಣಾ ಸಮಾರಂಭ ನಡೆಯಿತು. ಎರಡೂ ಬ್ಯಾನರು ಕಟ್ಟಿದ್ದರು. ಹೊನ್ನವ್ವ ತನ್ನ ಗವಸನ್ನು ತಿರುಗಿಸಿ ಮುರುಗಿಸಿ ನೋಡಿದಳು.

"ನಾವು ತೊಟ್ಟು ಮುರಿಯೋದು ಬಲಗೈಲೆರಿ."

"ಅದನ್ನ ಬದಲು ಮಾಡೋದ ನಮ್ಮ ಹೋರಾಟ," ಎಂದರು ಪ್ರಭುಲಿಂಗಪ್ಪ. ಹೊರಗೆ ಕಾಯಿ ತುಂಬಿದ ಲಾರಿ ಬಂದು ನಿಂತಿತ್ತು. ಹೆಂಗಸರು ಚಪ್ಪಾಳೆ ತಟ್ಟಿ ಒಳಗೆ ಹೋದರು.

ಒಂದೂವರೆ ತಿಂಗಳಲ್ಲಿ ನಲವತ್ತೂ ಜನ ಎಡಗೈಯಲ್ಲಿ ಮುರಿಯುವುದನ್ನು ಕಲಿತರು. ಕಾಯಿ ಹಿಡಿಯುವ ಬಲಗೈ ಮೊದಲಿನಂತೆಯೇ ಉರಿಯುತ್ತದೆ. ಕೆಲಸ ನಿಧಾನವಾಯಿತೆಂದು ಕಂಪನಿ ಮೊದಲು ಆಕ್ಷೇಪಿಸಿತು. ಆಮೇಲೆ ಚೀಲಗಳ ಮೇಲೆ 'ಎಡಗೈಯಲ್ಲಿ ಬಿಡಿಸಿದ್ದು' ಎಂದು ಅಚ್ಚು ಹಾಕಿಸಿ, ಹೆಚ್ಚಿನ ದರಕ್ಕೆ ಮಾರತೊಡಗಿತು. ಪಕ್ಷವು ಇದನ್ನು ಬೆಳಿಗ್ಗೆ ಖಂಡಿಸಿ, ಮಧ್ಯಾಹ್ನ ಅಭಿನಂದಿಸಿತು.

"ಅರ್ಧ ಆರಾಮ ಐತ್ರಿ," ಎಂದು ಹೊನ್ನವ್ವ ವಿಚಾರಿಸಲು ಬಂದವರಿಗೆ ಹೇಳಿದಳು. ಕಾವ್ಯಾ ಈಗ ಅಜ್ಜಿಯ ಬಳಿ ಬರುತ್ತಾಳೆ, ಎಡಗಡೆಗೆ ಮಾತ್ರ ಕೂರುತ್ತಾಳೆ. ಜಿಲ್ಲಾ ಘಟಕದ ವಾರ್ಷಿಕ ವರದಿಯಲ್ಲಿ ಇದನ್ನು 'ಹೊಸ ಪೀಳಿಗೆಯ ಒಲವು' ಎಂಬ ಶೀರ್ಷಿಕೆಯಡಿ ಸೇರಿಸಲಾಗಿದೆ.